ಬಸಂತರಾಯ ಹೂಡಿದ ಗೊಂಬೆ ಲಗ್ನ

ಸಿಂದಗಿಯ ಪೇಟೆಯಲ್ಲಿ ಬಟ್ಟೆ ಅಂಗಡಿಯ ಗುಮಾಸ್ತ ಬಸಂತರಾಯನಷ್ಟು ಮಾತುಗಾರ ಇನ್ನೊಬ್ಬ ಇರಲಿಲ್ಲ. ಒಂದು ಧೋತರದ ಅಂಚು ಹಿಡಿದುಕೊಂಡು ಅರ್ಧ ತಾಸು ಮಾತಾಡಬಲ್ಲವ. ಒಂದು ಟಾವೆಲ್ಲು ಕೊಳ್ಳಲು ಬಂದವರು ಅವನ ಬಾಯಿಗೆ ಸಿಕ್ಕು ಮನೆಮಂದಿಗೆಲ್ಲ ಅರಿವೆ ಹರಿಸಿಕೊಂಡು ಹೋದದ್ದುಂಟು. ಆದರೆ ಆ ಮಾತೆಲ್ಲ ಸಾವಕಾರರ ಗಲ್ಲಾಪೆಟ್ಟಿಗೆಯ ಸೇವೆಗೆ ಮಾತ್ರ. ತಾನೇ ಒಬ್ಬರ ಮುಂದೆ ನಿಂತು ಏನಾದರೂ ಕೇಳಬೇಕಾದ ಪ್ರಸಂಗ ಬಂತೆಂದರೆ ಅವನ ನಾಲಿಗೆ ಒಣಗಿಬಿಡುತ್ತಿತ್ತು. ಪಕ್ಕದ ಮನೆಯವರು ಎಂದೋ ಇಸಕೊಂಡು ಹೋದ ಅವನ ಕೊಡೆ ಇನ್ನೂ ತಿರುಗಿ ಬಂದಿರಲಿಲ್ಲ. ಮಳೆ ಬಂದಾಗಲೆಲ್ಲ ಅವನು ಕೊಡೆ ಕೇಳಲೆಂದು ಅವರ ಮನೆಗೆ ಹೋಗುವುದು, ಚಹಾ ಕುಡಿದು, ಮಳೆಯನ್ನು ಹೊಗಳಿ, ತೊಯ್ಸಿಕೊಂಡು ಮನೆಗೆ ಬರುವುದು ನಡೆದೇ ಇತ್ತು.

ಇಂಥ ಮನುಷ್ಯನ ಕೈಗೆ ಚಂದಾ ಎತ್ತುವ ಕೆಲಸ ಬಂದದ್ದು ಹೇಗೆಂದು ಕೇಳಬೇಡಿ. ಊರ ಹಿರಿಯರು ಹೇಗೆ ಕೆಲಸ ಹಂಚುತ್ತಾರೆಂದು ಬಲ್ಲವರಿಗೆ ಅದನ್ನು ಹೇಳಬೇಕಾಗಿಲ್ಲ.

ಊರ ಹೊರಗೆ ಒಂದು ಹಳೆಯ ಅರಳೆ ಗೋದಾಮಿನಲ್ಲಿ ಸಿದ್ದವ್ವ ಎಂಬ ಗಂಡ ಸತ್ತ ಹೆಣ್ಣುಮಗಳು ತಾಯಿತಂದೆ ಇಲ್ಲದ ಮಕ್ಕಳನ್ನು ಸಾಕುತ್ತಿದ್ದಳು. ಅದಕ್ಕೆ ಊರವರು ಮಕ್ಕಳ ಮನೆ ಎನ್ನುತ್ತಿದ್ದರು. ಜೋಳ, ಬೇಳೆ ಊರಿಂದ ಬರುತ್ತಿತ್ತು. ಒಂದಿಷ್ಟು ದುಡ್ಡು ವಿಜಾಪುರದ ಒಂದು ಸಂಸ್ಥೆಯಿಂದ ಬರುತ್ತಿತ್ತು. ಆ ವರ್ಷ, ಅಂದರೆ ಎಪ್ಪತ್ನಾಲ್ಕರ ಬೇಸಿಗೆಯ ಮೊದಲಿಗೆ, ಆ ಸಂಸ್ಥೆಯ ಸಾಹೇಬರು ಬಂದು ಗೋದಾಮಿನ ನಡುವೆ ನಿಂತು ಮೇಲೆ ನೋಡಿದರು. ಮಾಡಿನ ತೂತಿನಿಂದ ಬಿಸಿಲು ನೇರವಾಗಿ ಅವರ ಕಣ್ಣಿಗೇ ಬಿತ್ತು. ಮಳೆಗಾಲದೊಳಗೆ ಮಾಡು ಸರಿಯಾಗದಿದ್ದರೆ ಮಕ್ಕಳನ್ನು ಹಂಚಬೇಕಾಗುತ್ತದೆ, ಇಬ್ಬರು ವಿಜಾಪುರಕ್ಕೆ, ಇಬ್ಬರು ಸೊಲ್ಲಾಪುರಕ್ಕೆ, ಹೀಗೆ ಎಲ್ಲಿ ಜಾಗ ಇದೆಯೋ ಅಲ್ಲಿಗೆ, ಎಂದು ಹೇಳಿ ಹೋದರು. ಅಂದಿನಿಂದ ಆ ಮಕ್ಕಳು ರಾತ್ರಿ ಒಂದೇ ಜಮಖಾನೆಯ ಮೇಲೆ ಒತ್ತೊತ್ತಾಗಿ ಮಲಗತೊಡಗಿದವು ಎಂದು ಸಿದ್ದವ್ವ ಪೇಟೆಯಲ್ಲಿ ಹೇಳಿಕೊಂಡು ಅತ್ತಳು.

ಗೋದಾಮಿನಲ್ಲೇ ಸಭೆ ಸೇರಿತು. ಊರಲ್ಲಿ ಸೇವೆ ಮಾಡುವ ಉಮೇದು ಇದ್ದವರೆಲ್ಲ ಬಂದಿದ್ದರು. ಒಬ್ಬರು ಕುಸ್ತಿ ಇಡೋಣ ಎಂದರು. ಹೋದ ಸಲ ಕುಸ್ತಿ ಇಟ್ಟಾಗ ಕುಸ್ತಿಗಿಂತ ಹೊರಗಿನ ಜಗಳವೇ ಹೆಚ್ಚಾದದ್ದು ನೆನಪಾಗಿ ಬಿಟ್ಟರು. ಒಬ್ಬರು ನಾಟಕ ಎಂದರು; ರಾಜನ ಪಾರ್ಟು ಯಾರಿಗೆ ಎಂಬಲ್ಲಿಗೆ ಬಂದು ಅದೂ ನಿಂತಿತು. ಎಲ್ಲರೂ ಸುಮ್ಮನಾದರು. ಸಭೆ ಸುಮ್ಮನಾದರೆ ಬಸಂತರಾಯನಿಗೆ ತಡೆಯುತ್ತಿರಲಿಲ್ಲ. ಗೋದಾಮಿನ ಮೂಲೆಯಲ್ಲಿ ರುಕ್ಮವ್ವ ಎಂಬ ಏಳು ವರ್ಷದ, ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ ಚಿಂದಿ ಅರಿವೆಯ ಗೊಂಬೆಗೆ ಸೀರೆ ಉಡಿಸುತ್ತಿದ್ದಳು. ಅವಳನ್ನು ನೋಡಿ ಅವನು ಗೊಂಬೆ ಲಗ್ನ ಮಾಡೋಣ, ಒಂದೊಂದು ರೂಪಾಯಿ ತಿಕೀಟು ಇಡೋಣ, ಬಾಜಾಬಜಂತ್ರಿ ಎಲ್ಲ ಖರೇ ಲಗ್ನದ ಹಾಗೇ ಇರಲಿ, ಜನ ನೋಡಲಿಕ್ಕೆ ಬರುತ್ತಾರೆ ಎಂದುಬಿಟ್ಟ. ಸಭೆ ಚಪ್ಪಾಳೆ ತಟ್ಟಿತು. ತಿಕೀಟು ಮಾರುವ ಕೆಲಸವನ್ನೂ ಅವನ ಕೊರಳಿಗೇ ಕಟ್ಟಿ ಎದ್ದುಹೋಯಿತು.

ಅವನ ಜತೆಗೆ ನಿಂತವನು ಸೈಕಲ್ ಅಂಗಡಿಯ ದಾವಲಮಲಿಕ ಒಬ್ಬನೇ. ದಾವಲಮಲಿಕನಿಗೆ ಇನ್ನೊಂದು ಹುದ್ದೆಯೂ ಇತ್ತು. ನಮ್ಮ ಕಡೆ ಲಗ್ನದಲ್ಲಿ ಆಯೇರಿ, ಅಂದರೆ ಉಡುಗೊರೆಯ ಬಟ್ಟೆ, ಕೊಡುವಾಗ, ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನು ಒಬ್ಬರು ಎದ್ದು ನಿಂತು ಕೂಗಿ ಹೇಳಬೇಕು. ಕೂಗದ ಆಯೇರಿ ಕೊಟ್ಟದ್ದೂ ಅಲ್ಲ, ಮುಟ್ಟಿದ್ದೂ ಅಲ್ಲ. ಸಿಂದಗಿಯಲ್ಲಿ ಯಾವ ಜಾತಿಯ ಲಗ್ನವಿದ್ದರೂ ಆ ಕೂಗು ದಾವಲಮಲಿಕನದು. ಅವನ ಗಂಟಲು ಅಂಥದ್ದು. ಅವನ ಹೆಂಡತಿ ಅಖ್ತರಬೇಗಂ ಗಂಡು ಗೊಂಬೆಯನ್ನು ಹೊಲಿದು ಕೊಟ್ಟಳು. ಅದಕ್ಕೆ ಅವಳು ಕಪ್ಪು ದಾರದಿಂದ ಮೂಡಿಸಿದ ಮೀಸೆ ಥೇಟು ದಾವಲಮಲಿಕನ ಮೀಸೆಯೇ ಆಗಿತ್ತು. ಆ ದಿನದಿಂದ ದಾವಲಮಲಿಕ ಗಂಡಿನ ಕಡೆಯವನಾಗಿ, ಬಸಂತರಾಯನನ್ನು ಬೀಗರೇ ಎಂದು ಕರೆಯತೊಡಗಿದ.

ಗುಲಾಬಿ ಬಣ್ಣದ ತಿಕೀಟುಗಳನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಬಸಂತರಾಯ ಮೊದಲ ದಿನ ಇಡೀ ಓಣಿ ತಿರುಗಿದ. ಹೋದಲ್ಲೆಲ್ಲ ಚಹಾ ಕುಡಿದ. ಕೆಲವರ ಮನೆಯ ಎಮ್ಮೆಯನ್ನು ಹೊಗಳಿದ. ತಿಕೀಟು ಮಾತ್ರ ಕಿಸೆಯಿಂದ ಹೊರಗೆ ಬರಲಿಲ್ಲ. ಸಂಜೆ ಹೆಂಡತಿ ಇಂದುಬಾಯಿ ಅವನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. ಗೊಂಬೆಯದಾದರೂ ಲಗ್ನ ಲಗ್ನವೇ, ಬರಿಗೈಲಿ ಹೋಗಿ ಕರೆಯುವುದಕ್ಕೆ ನಾಲಿಗೆ ಏಳುವುದಾದರೂ ಹೇಗೆ, ಅಕ್ಷತೆ ಹಿಡಿದುಕೊಂಡು ಹೋದರೆ ಮಾತು ತಾನಾಗಿ ಬರುತ್ತದೆ ಎಂದು ಒಂದು ಬಟ್ಟಲಲ್ಲಿ ಅರಿಷಿಣದ ಅಕ್ಕಿ ಕಲಸಿ ಕೊಟ್ಟಳು. ಪಾಪ, ಆಕೆ ಒಳ್ಳೆಯದಕ್ಕೇ ಹೇಳಿದ್ದು.

ಮರುದಿನ ಅವನು ಮೊದಲನೆಯ ಮನೆಯ ಯಜಮಾನರ ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಾಕಿ, ಮಕ್ಕಳ ಮನಿ ಅಂಗಳದಾಗ ಲಗ್ನ ಐತಿ, ಎಲ್ಲಾರೂ ಬರ್ರಿ ಎಂದ. ಯಜಮಾನರು ಅಕ್ಷತೆಯನ್ನು ಕಣ್ಣಿಗೆ ಒತ್ತಿಕೊಂಡು ಯಾರದು ಲಗ್ನ ಎಂದು ಕೇಳಿದರು. ನಮ್ಮ ಹುಡುಗೀದ್ರಿ ಎಂದ ಬಸಂತರಾಯ. ಇನ್ನು ಗೊಂಬೆಯ ಮಾತು ತೆಗೆದು, ಕಿಸೆಗೆ ಕೈ ಹಾಕಬೇಕು, ಅಷ್ಟರಲ್ಲಿ ಒಳಗಿನಿಂದ ಮನೆಯಾಕೆ ಓಡಿಬಂದು ಅವನ ಅಂಗೈಯಲ್ಲಿ ಸಕ್ಕರೆ ಸುರಿದಳು. ಅಂಗೈ ತುಂಬ ಸಕ್ಕರೆ ಹಿಡಿದು ನಿಂತ ಮನುಷ್ಯ ಯಾವ ಕೈಯಿಂದ ತಿಕೀಟು ತೆಗೆದಾನು? ತಿಕೀಟನ್ನು ಬಾಗಿಲಲ್ಲೇ ಕೊಟ್ಟರಾಯಿತು ಎಂದುಕೊಂಡು ಅವನು ಮುಂದಿನ ಮನೆಗೆ ಹೋದ. ಅಲ್ಲಿಯೂ ಸಕ್ಕರೆ.

ಸುಲಭವಾದ ಕೆಲಸವನ್ನು ಮನುಷ್ಯ ಅತಿಯಾಗಿ ಮಾಡುತ್ತಾನೆ. ದಾವಲಮಲಿಕನ ಸೈಕಲ್ಲು ತೆಗೆದುಕೊಂಡು ಅವನು ಮೋರಟಗಿಗೆ ಹೋಗಿ ಅಕ್ಷತೆ ಕೊಟ್ಟು ಬಂದ. ಸಂತೆಯ ದಿನ ಬಸ್ಸು ಹತ್ತಿ ದೇವರ ಹಿಪ್ಪರಗಿಗೆ ಹೋಗಿ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೊಟ್ಟ. ಇಂಡಿಯ ಚಿಕ್ಕಪ್ಪನ ಮಕ್ಕಳಿಗೂ ಮನಗೂಳಿಯ ನೆಂಟರಿಗೂ ಮುದ್ದೇಬಿಹಾಳದ ಗೆಳೆಯರಿಗೂ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ.

ಆ ಹದಿನೈದು ದಿನ ಅಂಗಡಿಯಲ್ಲಿ ಎಂದೂ ಇಲ್ಲದ ವ್ಯಾಪಾರ. ಧೋತರ, ರುಮಾಲು, ಇಲಕಲ್ ಸೀರೆ, ಖಣದ ಕುಬಸ. ಕೊಳ್ಳಲು ಬಂದವರು ಬಸಂತರಾಯನನ್ನು ನೋಡಿ ಏನೋ ಗುಟ್ಟು ಇದ್ದವರಂತೆ ನಗುತ್ತಿದ್ದರು. ಒಬ್ಬ ರೈತನಂತೂ, ನಿಮಗ ಯಾವ ಬಣ್ಣದ ರುಮಾಲು ಚಲೋ ಕಾಣತೈತಿ, ಅದನ್ನ ಕೊಡ್ರಿ ಎಂದ. ಗಿರಾಕಿ ತನ್ನ ಅಭಿರುಚಿಗೆ ಕೊಟ್ಟ ಮರ್ಯಾದೆ ಇದು ಎಂದು ಉಬ್ಬಿ ಬಸಂತರಾಯ ಕೇಸರಿ ರುಮಾಲನ್ನು ತನ್ನ ತಲೆಗೇ ಸುತ್ತಿ ತೋರಿಸಿ ಮಾರಿದ. ಸಾವಕಾರರು ಸಂತೋಷ ತಡೆಯಲಾರದೆ ಅವನ ಬೆನ್ನು ಚಪ್ಪರಿಸಿ, ಊಟದ ಖರ್ಚಿಗೆ ಇರಲಿ ಎಂದು ಒಂದು ಚೀಲ ಗೋಧಿಯನ್ನೂ ಒಂದು ಪೆಂಟೆ ಬೆಲ್ಲವನ್ನೂ ಮಕ್ಕಳ ಮನೆಗೆ ಕಳಿಸಿಕೊಟ್ಟರು. ಮಕ್ಕಳ ಮೇಲೆ ಸಾವಕಾರರಿಗೆ ಎಷ್ಟು ಅಂತಃಕರಣ ಎಂದು ಬಸಂತರಾಯನ ಕಣ್ಣು ತುಂಬಿದವು.

ಊರಲ್ಲಿ ಅಷ್ಟರಲ್ಲಿ ಕತೆ ಪೂರ್ತಿ ಬೆಳೆದು ನಿಂತಿತ್ತು. ಬಸಂತರಾಯ ಇಂದುಬಾಯಿಗೆ ಮಕ್ಕಳಿಲ್ಲ, ಇದು ಎಲ್ಲರಿಗೂ ಗೊತ್ತು. ಲಗ್ನ ಮಕ್ಕಳ ಮನೆಯ ಅಂಗಳದಲ್ಲಿ, ಇದೂ ಗೊತ್ತು. ಎರಡನ್ನೂ ಕೂಡಿಸಿದರೆ ಉತ್ತರ ಸಿಕ್ಕಿತು: ಗಂಡಹೆಂಡತಿ ಅಲ್ಲಿನ ಒಬ್ಬ ದೊಡ್ಡ ಹುಡುಗಿಯನ್ನು ದತ್ತಕ ತಗೊಂಡಿದ್ದಾರೆ, ತಗೊಂಡ ಕೈಯಲ್ಲೇ ಮದುವೆ ಮಾಡಿ ಕೊಡುತ್ತಿದ್ದಾರೆ. ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿದವರು ಕೂಡ, ಗೊಂಬೆ ಲಗ್ನ ಹೋಗಿ ಖರೇ ಲಗ್ನವೇ ಆಯಿತೆಂದು ನಂಬಿಬಿಟ್ಟರು. ಎಂಥಾ ದೊಡ್ಡ ಮನಸ್ಸು ಎಂದರು ಕೆಲವರು. ಅಷ್ಟು ಅವಸರ ಯಾತಕ್ಕೋ ಎಂದರು ಕೆಲವರು. ಆದರೆ ಬರುವುದಿಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಇಪ್ಪತ್ತು ವರ್ಷದಿಂದ ನಾಲ್ಕು ತಾಲೂಕಿನ ಲಗ್ನಗಳಲ್ಲಿ ಬಸಂತರಾಯ ಆಯೇರಿ ಮಾಡುತ್ತ ಬಂದಿದ್ದ. ಮುಯ್ಯಿ ತೀರಿಸಲು ಅವನ ಮನೆಯಲ್ಲಿ ಒಂದೂ ಕಾರ್ಯವಾಗಿರಲಿಲ್ಲ. ಎಲ್ಲರಿಗೂ ಅದೊಂದು ಭಾರವಾಗಿಯೇ ಇತ್ತು.

ಲಗ್ನದ ಹಿಂದಿನ ದಿನ ಸಂಜೆ ಬಸವನ ಬಾಗೇವಾಡಿಯ ಬಸ್ಸಿನಿಂದ ಇಂದುಬಾಯಿಯ ಅಣ್ಣ ಶ್ರೀಶೈಲಪ್ಪ ಇಳಿದು ನೆಟ್ಟಗೆ ಮನೆಗೆ ಬಂದ. ಹದಿನೈದು ಹದಿನಾರು ವರ್ಷದಿಂದ ಈ ಎರಡು ಮನೆಗಳಿಗೆ ಮಾತಿರಲಿಲ್ಲ. ಕಾರಣ ಒಂದು ಆಕಳ ಕರು. ಅದು ಯಾರದ್ದೆಂಬುದು ತೀರ್ಮಾನವಾಗುವುದರೊಳಗೆ ಅದು ಮುದಿಯಾಗಿ ಸತ್ತೂ ಹೋಗಿತ್ತು. ಶ್ರೀಶೈಲಪ್ಪ ಚಪ್ಪಲಿ ಕಳಚಲಿಲ್ಲ. ಕಟ್ಟೆಯ ಕೆಳಗೇ ನಿಂತು ಕೋಲು ಊರಿ ಕೇಳಿದ.

"ಮನ್ಯಾಗ ಸ್ವಾದರಮಾವ ಅಂತ ನಾ ಒಬ್ಬಾಂವ ಬದುಕೇನಿ. ನನ್ನ ಮಗ ಲಗ್ನಕ್ಕ ಬಂದು ನಿಂತಾನ. ಹೆಣ್ಣಿಗಿ ಅಂವ ಹಕ್ಕಿನ ಗಂಡ ಹೌದಿಲ್ಲೋ? ನನ್ನ ಕೇಳಲಾರದ ಹೊರಗ ಹೆಂಗ ಕೊಟ್ಟಿ?"

ಬಸಂತರಾಯನಿಗೆ ಏನೂ ಹೊಳೆಯಲಿಲ್ಲ. ಯಾವ ಹೆಣ್ಣು, ಯಾರಿಗೆ ಕೊಟ್ಟದ್ದು ಎಂದು ಕೇಳಿದ. ಶ್ರೀಶೈಲಪ್ಪ ಅದಕ್ಕೆ ಮತ್ತಷ್ಟು ಸಿಟ್ಟಾಗಿ, ಸಂತೆಯಲ್ಲಿ ತಾನು ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ದತ್ತಕದ ಸುದ್ದಿ, ಇಂಡಿಯಿಂದ ಹಾಸಿಗೆ ಸಹಿತ ಹೊರಟ ನೆಂಟರ ಸುದ್ದಿ, ನಾಲ್ಕು ತಾಲೂಕು ಹೊತ್ತು ತರುತ್ತಿರುವ ಆಯೇರಿಯ ಸುದ್ದಿ. ಬಸಂತರಾಯ ಕೇಳುತ್ತ ಕೇಳುತ್ತ ಹಾಗೇ ಕಟ್ಟೆಯ ಮೇಲೆ ಕುಸಿದ. ಹದಿನೈದು ದಿನ ಮಾರಿದ ಪ್ರತಿಯೊಂದು ಧೋತರವೂ ಅವನ ಕಣ್ಣಮುಂದೆ ಬಿಚ್ಚಿಕೊಂಡಿತು.

ಸತ್ಯ ಹೇಳಿಬಿಡೋಣ ಎಂದು ಅವನು ಆಗಲೇ ಎದ್ದು ಪಕ್ಕದ ಮನೆಗೆ ಓಡಿದ. ನನಗೆ ಮಗಳಿಲ್ಲವಲ್ಲ ಎಂದು ಶುರು ಮಾಡುವುದೇ ತಡ, ಆ ಮನೆಯ ಮುದುಕಿ ಸೆರಗಿನಿಂದ ಕಣ್ಣೊರಸಿಕೊಂಡು, ಹಡೆಯದಿದ್ದರೇನಾಯಿತು, ಸಾಕಿದವಳೂ ಮಗಳೇ, ಹಾಗೆಲ್ಲ ಅನ್ನಬೇಡ ಎಂದು ಅವನಿಗೇ ಬುದ್ಧಿ ಹೇಳಿ, ಬಾಯಿಗೆ ಒಂದು ಉಂಡಿ ತುರುಕಿ ಕಳಿಸಿದಳು. ಆ ಉಂಡಿ ನುಂಗುವುದರೊಳಗೆ ಇಂಡಿಯ ಬಸ್ಸು ಬಂದು, ನೆಂಟರು ಹಾಸಿಗೆ ಇಳಿಸತೊಡಗಿದ್ದರು.

ತಿರುಗಿ ಬಂದು ನೋಡಿದರೆ ತನ್ನ ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳು ಅಷ್ಟರಲ್ಲೇ ಬಂದು ಕೂತು ಹಾಡು ಹೇಳಿಕೊಂಡು ಶಾವಿಗೆ ಹೊಸೆಯುತ್ತಿದ್ದಾರೆ. ಇಂದುಬಾಯಿ ನಡುವೆ ಕೂತಿದ್ದಾಳೆ. ಅವನು ಹೆಂಡತಿಯನ್ನು ಒಳಗೆ ಕರೆದು, ಊರಿಗೆ ಊರೇ ತಪ್ಪು ತಿಳಿದಿರುವುದು ನಿನಗೆ ಗೊತ್ತಿತ್ತೇ ಎಂದು ಕೇಳಿದ. ಇಂದುಬಾಯಿಗೆ ಎರಡನೆಯ ದಿನವೇ ಗೊತ್ತಾಗಿತ್ತಂತೆ.

"ಹೇಳೋಣಂತಿದ್ದೆ. ನಮ್ಮ ಕಟ್ಟೀ ಮ್ಯಾಲ ಒಂದ ಸಲ ಆದ್ರೂ ಮಂದಿ ಕುಂತು ಲಗ್ನದ ಸ್ಯಾವಿಗಿ ಹೊಸೀಲಿ ಅನಸ್ತು. ನಾಳಿ ಹೇಳಿದ್ರಾತು ಅಂದ್ಕೊಂಡೆ. ದಿನಾ ಹಂಗ ಅಂದ್ಕೊಂಡೆ."

ಬಸಂತರಾಯ ಆಕೆಯ ಕೈಗೆ ಮೆತ್ತಿದ್ದ ಹಿಟ್ಟನ್ನು ತನ್ನ ಟಾವೆಲ್ಲಿನಿಂದ ಒರಸಿ ಹೊರಗೆ ಬಂದ. ಹೊರಗೆ ದಾವಲಮಲಿಕ ನಿಂತಿದ್ದ. ಅವನಿಗೆ ಎಲ್ಲ ತಿಳಿಸಿದಾಗ ಅವನು ಮೀಸೆ ತಿರುವುತ್ತ, ನಾಳೆ ಜನ ಹೊಡೆದರೆ ಇಬ್ಬರೂ ಹಂಚಿಕೊಂಡು ತಿನ್ನೋಣ, ಆದರೆ ಮಕ್ಕಳ ಮನೆಯ ಹೆಸರು ಕೆಟ್ಟರೆ ಊರವರು ಜೋಳವನ್ನೂ ನಿಲ್ಲಿಸುತ್ತಾರೆ, ಅದಕ್ಕೇನು ಮಾಡೋಣ ಎಂದ. ಬಸಂತರಾಯನಿಗೂ ಇದ್ದ ಚಿಂತೆ ಅದೇ. ತಾನು ಮಾಡು ಹಾಕಿಸಲು ಹೋಗಿ ಆ ಮಕ್ಕಳನ್ನು ತಾನೇ ಸೊಲ್ಲಾಪುರದ ಬಸ್ಸು ಹತ್ತಿಸಿದ ಹಾಗಾಗುತ್ತದೆ.

ಮರುದಿನ ಮಕ್ಕಳ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೋರಟಗಿಯಿಂದ ಚಕ್ಕಡಿಗಳು, ಮನಗೂಳಿ ಕಡೆಯಿಂದ ಒಂದು ಟ್ರಕ್ಕು, ಉಳಿದವರು ಬಸ್ಸಿನ ಮೇಲೆ. ತಿಕೀಟು ಕೊಡಲೆಂದು ಬಾಗಿಲಲ್ಲಿ ಒಂದು ಮೇಜು ಇಟ್ಟಿದ್ದರು. ಬಂದವರು ಅದರ ಮೇಲೆ ತೆಂಗಿನಕಾಯಿ ಇಟ್ಟರು, ಕೊಡೆ ಇಟ್ಟರು, ಒಬ್ಬಾಕೆ ಅಳುವ ಕೂಸನ್ನೂ ಮಲಗಿಸಿದಳು. ಅದರ ಹಿಂದೆ ಬಸಂತರಾಯ ನಿಂತು ಎಲ್ಲರಿಗೂ ಕೈಮುಗಿದ. ಹುಡುಗಿಯ ತಂದೆ ಎಷ್ಟು ಸಪ್ಪಗಾಗಿದ್ದಾನೆ, ಹೆಣ್ಣು ಕೊಡುವ ಸಂಕಟ ಅಂದರೆ ಇದೇ ನೋಡು ಎಂದು ಹೆಂಗಸರು ಮಾತಾಡಿಕೊಂಡರು. ಶ್ರೀಶೈಲಪ್ಪ ಮುಖ ಊದಿಸಿಕೊಂಡೇ ಎಲ್ಲರಿಗಿಂತ ಮುಂದೆ ಕೂತಿದ್ದ. ಸಿಟ್ಟು ಸಿಟ್ಟಿನ ಕಡೆ, ಸೋದರಮಾವನ ಸೀರೆ ಮಾತ್ರ ತೊಡೆಯ ಮೇಲೆ ಭದ್ರವಾಗಿತ್ತು.

ಬಾಜಾ ನಿಂತಿತು. ಇಬ್ಬರು ಹುಡುಗರು ಮಣೆಗಳ ಮುಂದೆ ಹಿಡಿದಿದ್ದ ಅಂತರಪಟ, ಅಂದರೆ ಸಿದ್ದವ್ವನ ಹಾಸಿಗೆಯ ಚಾದರ, ಸರಿಯಿತು. ಎರಡು ಮಣೆ, ಎರಡು ಗೊಂಬೆ. ಒಂದಕ್ಕೆ ಚಿಂದಿಯ ಸೀರೆ, ಇನ್ನೊಂದಕ್ಕೆ ದಾವಲಮಲಿಕನ ಮೀಸೆ. ಹಿಂದೆ ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಸಾಲಾಗಿ ನಿಂತಿದ್ದವು. ಅಂಗಳದಲ್ಲಿದ್ದ ಎಲ್ಲರ ಕಣ್ಣೂ ತಿರುಗಿ ಬಸಂತರಾಯನ ಮೇಲೆ ಬಂದು ನಿಂತವು.

ಅವನು ಮೇಜಿನ ಹಿಂದಿನಿಂದ ನಡೆದು ಬಂದು ಗೊಂಬೆಗಳ ಪಕ್ಕ ನಿಂತ.

"ಲಗ್ನ ಗೊಂಬೀದ್ರಿ. ನನಗ ಮಗಳಿಲ್ಲ. ಈ ಮನಿ ಸೋರತೈತಿ, ಮಾಡ ಹಾಕಸದಿದ್ರ ಈ ಮಕ್ಕಳನ್ನ ಒಂದೊಂದ ಊರಿಗಿ ಒಂದೊಂದ ಒಯ್ತಾರ. ಅದಕ್ಕ ಇದನ್ನ ಹೂಡಿದ್ವಿ. ನಿಮ್ಮ ಮುಂದ ಬಾಯಿ ಬಿಟ್ಟು ಕೇಳಾಕ ನಾಚಿಕ್ಯಾತು, ಅಕ್ಷತಾ ಕೊಟ್ಟು ಬಂದೆ. ತಪ್ಪ ನಂದು. ಈ ಮಕ್ಕಳ್ದಲ್ಲ, ಇವಕ್ಕೇನೂ ಅನಬ್ಯಾಡ್ರಿ."

ಮಾತು ಮುಗಿಯಿತು. ನಾಲ್ಕು ತಾಲೂಕಿನ ಜನ ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡು, ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಮೋರಟಗಿಯ ಒಬ್ಬ ಹಣ್ಣು ಮುದುಕಿ, ಚಕ್ಕಡಿಯಲ್ಲಿ ಸೊಂಟ ನೋಯಿಸಿಕೊಂಡು ಬಂದವಳು, ಎದ್ದು ನಿಂತಳು. ಕೈಯಲ್ಲಿ ಹಿಡಿದ ಅಕ್ಷತೆಯನ್ನು ತಿರುಗಿ ಮನೆಗೆ ಒಯ್ಯುವ ಪದ್ಧತಿ ತಮ್ಮಲ್ಲಿಲ್ಲ, ಎಲ್ಲಾದರೂ ಹಾಕಲೇಬೇಕು ಎಂದಳು. ಗೊಂಬೆಗಳ ಮೇಲೆ ಒಂದಿಷ್ಟು ಎಸೆದಳು. ಮುಷ್ಟಿಯಲ್ಲಿ ಇನ್ನೂ ಉಳಿದಿತ್ತು. ಹಿಂದೆ ಸಾಲಾಗಿ ನಿಂತಿದ್ದ ಮಕ್ಕಳ ತಲೆಯ ಮೇಲೆ ಅದನ್ನು ಹಾಕಿ, ಚಲೋ ಆಗ್ಲಿ ಎಂದಳು. ಆಮೇಲೆ ಯಾರನ್ನು ಯಾರೂ ಕಾಯಲಿಲ್ಲ. ಬಾಜಾದವರು ತಮ್ಮಷ್ಟಕ್ಕೇ ಶುರು ಮಾಡಿದರು, ಮಕ್ಕಳ ಎಣ್ಣೆ ಹಚ್ಚಿದ ತಲೆಗಳೆಲ್ಲ ಅರಿಷಿಣದ ಅಕ್ಕಿಯಿಂದ ತುಂಬಿಹೋದವು.

ಅಕ್ಷತೆ ಆಯಿತು, ಇನ್ನು ಆಯೇರಿ. ಹೊತ್ತು ತಂದ ಆಯೇರಿಯನ್ನೂ ತಿರುಗಿ ಒಯ್ಯುವಂತಿಲ್ಲವಲ್ಲ. ದಾವಲಮಲಿಕ ಗಂಟಲು ಸರಿಮಾಡಿಕೊಂಡು ಕಟ್ಟೆ ಹತ್ತಿದ. ಮೊದಲನೆಯ ಆಯೇರಿ ಮನಗೂಳಿಯವರದು, ಹೆಣ್ಣಿನ ತಾಯಿಗೆ ಒಂದು ಇಲಕಲ್ ಸೀರೆ. ಹೆಣ್ಣು ಗೊಂಬೆಯ ತಾಯಿ ಯಾರು ಎಂದು ಅವನು ಕೇಳಿದ. ರುಕ್ಮವ್ವ ಕೈ ಎತ್ತಿದಳು. ಗೊಂಬೆಯನ್ನು ಮಾಡಿದವಳು ಅವಳೇ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಆಯೇರಿ ಕೂಗುವುದಕ್ಕೆ ಒಂದು ಕ್ರಮವಿದೆ. ತೆಗೆದುಕೊಳ್ಳುವವರು ಯಾರ ಮಗಳು, ಯಾರ ಮಗ ಎಂಬುದನ್ನು ಹೇಳಿಯೇ ಕೂಗಬೇಕು. ಜೀವಮಾನವೆಲ್ಲ ಹಾಗೇ ಕೂಗಿದ ದಾವಲಮಲಿಕ ರೂಢಿಯ ಮೇಲೆ ಬಾಯಿ ತೆರೆದ, ಮನಗೂಳಿಯವರಿಂದ, ಎಂದ, ಆಮೇಲೆ ಅಲ್ಲಿಯೇ ನಿಂತುಬಿಟ್ಟ.

ಯಾರ ಮಗಳು? ರುಕ್ಮವ್ವ ಒಮ್ಮೆ ಸಿದ್ದವ್ವನ ಮುಖ ನೋಡಿದಳು. ಒಮ್ಮೆ ತನ್ನ ಕಾಲು ನೋಡಿಕೊಂಡಳು. ಆ ಕೂಸಿಗೆ ಉತ್ತರ ಗೊತ್ತಿರಲಿಲ್ಲ.

ಹೆಂಗಸರ ನಡುವಿನಿಂದ ಇಂದುಬಾಯಿ ಮಾತಾಡಿದಳು. ಆಕೆಯ ದನಿ ಜೋರಾಗೇನೂ ಇರಲಿಲ್ಲ.

"ನಮ್ಮಾಕಿ ಅನ್ನು, ದಾವಲಣ್ಣಾ. ಬಸಂತರಾಯರ ಮಗಳು ಅಂತ ಕೂಗು."

ದಾವಲಮಲಿಕ ಬಸಂತರಾಯನ ಕಡೆ ನೋಡಿದ. ಬಸಂತರಾಯನ ತಲೆ ಮೇಲೆ ಕೆಳಗೆ ಆಡಿತು, ಆಡುತ್ತಲೇ ಇತ್ತು. ಆಗ ದಾವಲಮಲಿಕ ಕೂಗಿದ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತೆಂದು ಇಂದಿಗೂ ಹೇಳುತ್ತಾರೆ: "ಬಸಂತರಾಯರ ಮಗಳಾದ ರುಕ್ಮವ್ವನವರಿಗೆ, ಮನಗೂಳಿ ಬೀಗರಿಂದ, ಒಂದು ಇಲಕಲ್ ಸೀರಿ!" ಏಳು ವರ್ಷದ ಯಜಮಾನತಿ ತನಗಿಂತ ಉದ್ದದ ಸೀರೆಯನ್ನು ಎರಡೂ ಕೈಯಿಂದ ಅವುಚಿಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಮುಂದಿನ ಆಯೇರಿಗೆ ಪರಮಾನಂದ ಎಂಬ ಹುಡುಗ ನಿಂತಿದ್ದ, ಹೆಣ್ಣಿನ ಕಾಕಾ. ಅವನು ಯಾರ ಮಗ ಎಂಬುದಕ್ಕೆ ದಾವಲಮಲಿಕ ಯಾರನ್ನೂ ಕೇಳಲಿಲ್ಲ. ದಾವಲಮಲಿಕನ ಮಗನಾದ ಪರಮಾನಂದನಿಗೆ ಎಂದು ಒಂದೇ ಉಸಿರಿಗೆ ಕೂಗಿಬಿಟ್ಟ. ಜನ ಒಂದು ಗಳಿಗೆ ಯೋಚಿಸಿ, ಆಗಲಿ ಎಂದು ಬಿಟ್ಟರು. ಅಖ್ತರಬೇಗಂ ಆ ಹುಡುಗನ ತಲೆಗೆ ತಾನೇ ರುಮಾಲು ಸುತ್ತಿದಳು, ಅದು ಜಾರಿ ಅವನ ಮೂಗಿನ ಮೇಲೆ ಬಂದು ನಿಂತಿತು. ಇದನ್ನೆಲ್ಲ ನೋಡುತ್ತಿದ್ದ ಶ್ರೀಶೈಲಪ್ಪನಿಗೆ ತಡೆಯದಾಯಿತು. ಒಬ್ಬ ಸೈಕಲ್ ಅಂಗಡಿಯವನು ಒಬ್ಬ ಮಗನನ್ನು ಮಾಡಿಕೊಂಡರೆ, ಬಾಗೇವಾಡಿಯ ಮನೆತನಸ್ಥ ಸುಮ್ಮನಿರುವುದೇ? ತನ್ನ ಹೆಸರಿಗೆ ಇಬ್ಬರು ಮೊಮ್ಮಕ್ಕಳನ್ನು ಕೂಗು ಎಂದ. ಆಮೇಲೆ ಮೋರಟಗಿ, ಆಮೇಲೆ ಇಂಡಿ, ಮುದ್ದೇಬಿಹಾಳ. ಕಡೆಗೆ ಮಕ್ಕಳೇ ಸಾಲದೆ, ದೇವರ ಹಿಪ್ಪರಗಿಯ ಇಬ್ಬರು ಹಿರಿಯರು ಒಂದೇ ಹುಡುಗಿಗಾಗಿ ಮಾತಿಗೆ ಮಾತು ಬೆಳೆಸಿದರು.

ಇಷ್ಟೆಲ್ಲ ಆಗಿ ಕೈಗೆ ಬಂದದ್ದೇನು? ಧೋತರ, ರುಮಾಲು, ಕುಬಸ. ಆಯೇರಿಯ ಬಟ್ಟೆ ಮಾರುವಂತಿಲ್ಲ. ಇದರಿಂದ ಮಾಡು ಮುಚ್ಚಲು ಬರುವುದಿಲ್ಲ ಎಂಬುದು ಬಟ್ಟೆ ಅಂಗಡಿಯವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಬಸಂತರಾಯ ಆ ಬಟ್ಟೆಯ ರಾಶಿಯನ್ನು ನೋಡುತ್ತ ನಿಂತಾಗ ಪಶ್ಚಿಮದ ಕಡೆ ಗುಡುಗಿತು. ಮುಂಗಾರಿಗೆ ಮುಂಚಿನ ಅಡ್ಡಮಳೆ. ಪಂಕ್ತಿಗೆ ಕೂತವರೆಲ್ಲ ಗೋಧಿ ಹುಗ್ಗಿಯ ತಾಟು ಎತ್ತಿಕೊಂಡು ಗೋದಾಮಿನೊಳಗೆ ನುಗ್ಗಿದರು. ಒಳಗೆ ಹೊರಗಿಗಿಂತ ಹೆಚ್ಚು ಮಳೆ ಇತ್ತು. ಶ್ರೀಶೈಲಪ್ಪನ ತಾಟಿನಲ್ಲಿ ಹುಗ್ಗಿ ತೇಲಿತು. ಜಾಗ ಬದಲಿಸಿ ಕೂತ, ಅಲ್ಲಿ ನೆತ್ತಿಯ ಮೇಲೆಯೇ ಧಾರೆ ಹಿಡಿಯಿತು. ಮಕ್ಕಳು ರೂಢಿಯಿದ್ದವರು, ತಾಟು ಹಿಡಿದು ಸೋರದ ಒಂದೇ ಮೂಲೆಗೆ ಓಡಿ ಒತ್ತಿಕೊಂಡು ಕೂತವು, ಅಜ್ಜಾ, ಇಲ್ಲಿ ಬರ್ರಿ ಎಂದು ಅವನನ್ನೂ ಕರೆದವು.

ಶ್ರೀಶೈಲಪ್ಪ ಆ ಮಕ್ಕಳ ನಡುವೆ ಹೋಗಿ ಕೂತ. ಬಹಳ ಹೊತ್ತು ಮೇಲೆ ನೋಡುತ್ತಿದ್ದ. ಆಮೇಲೆ, ತನ್ನ ಇಬ್ಬರು ಮೊಮ್ಮಕ್ಕಳು ಇರುವ ಮನೆ ಹೀಗೆ ಸೋರುತ್ತಿದ್ದರೆ ತಾನು ಬಾಗೇವಾಡಿಯಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗಲಿ ಎಂದು ಎಲ್ಲರಿಗೂ ಕೇಳುವಂತೆ ಬಯ್ಯತೊಡಗಿದ. ದನದ ಕೊಟ್ಟಿಗೆಗೆಂದು ತರಿಸಿಟ್ಟ ತಗಡು ಅವನ ಹಿತ್ತಿಲಲ್ಲಿ ಬಿದ್ದಿತ್ತು. ಎತ್ತುಗಳು ಇನ್ನೊಂದು ವರ್ಷ ಬೇವಿನ ಗಿಡದ ಕೆಳಗೇ ಇರಲಿ ಎಂದ. ತೊಲೆ ನಮ್ಮದು ಎಂದರು ಮೋರಟಗಿಯವರು. ಮೊಳೆ, ಬಡಿಗ, ಗಾಡಿ, ಎಲ್ಲಕ್ಕೂ ಒಬ್ಬೊಬ್ಬ ನೆಂಟ ಎದ್ದು ನಿಂತ. ಯಾರೂ ಯಾರ ಹತ್ತಿರವೂ ಒಂದು ಪೈಸೆ ಕೇಳಲಿಲ್ಲ. ಮಳೆಗಾಲ ಕೂಡುವುದರೊಳಗೆ ಗೋದಾಮಿನ ಮೇಲೆ ಹೊಸ ತಗಡು ಹೊಳೆಯುತ್ತಿತ್ತು. ಗುಲಾಬಿ ತಿಕೀಟುಗಳನ್ನು ಸಿದ್ದವ್ವ ಒಲೆ ಹೊತ್ತಿಸಲು ಬಳಸಿದಳು.

ಬಸಂತರಾಯ ಇಂದುಬಾಯಿ ರುಕ್ಮವ್ವನನ್ನು ತಮ್ಮ ಮನೆಗೇ ಕರೆದುಕೊಂಡು ಬಂದಿದ್ದರು. ಹಗಲೆಲ್ಲ ಚೆನ್ನಾಗಿಯೇ ಆಡಿದಳು, ಮಲಗುವ ಹೊತ್ತಿಗೆ ಉಳಿದವರು ಬೇಕೆಂದು ಅಳತೊಡಗಿದಳು. ಇಂದುಬಾಯಿ ಅವಳನ್ನು ಎತ್ತಿಕೊಂಡು ತಿರುಗಿ ಮಕ್ಕಳ ಮನೆಗೆ ಬಿಟ್ಟು ಬಂದಳು. ಹೀಗಾಗಿ, ಗಂಡನ ಮನೆ ಇಲ್ಲದೆಯೇ ತವರುಮನೆ ಇದ್ದ ಹೆಣ್ಣುಮಗಳು ಇಡೀ ಸಿಂದಗಿಯಲ್ಲಿ ಅವಳೊಬ್ಬಳೇ ಆದಳು.

ಶ್ರಾವಣದಲ್ಲಿ ವಿಜಾಪುರದ ಸಾಹೇಬರು ಜೀಪು ತಗೊಂಡು ಬಂದರು. ಮಾಡಿನ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಮಕ್ಕಳನ್ನು ಹಂಚಲು ಎಲ್ಲ ಏರ್ಪಾಟು ಮಾಡಿಕೊಂಡೇ ಬಂದಿದ್ದರು. ಮೇಲೆ ನೋಡಿದರೆ ಹೊಸ ತಗಡು, ಕೆಳಗೆ ನೋಡಿದರೆ ಗೋದಾಮಿನಲ್ಲಿ ಒಂದು ಮಗುವೂ ಇಲ್ಲ. ಸಿದ್ದವ್ವ ಒಬ್ಬಳೇ ಹೊಸಿಲ ಮೇಲೆ ಕೂತು ಆಕಳಿಸುತ್ತಿದ್ದಳು. ಮಕ್ಕಳೆಲ್ಲಿ ಎಂದು ಕೇಳಿದರೆ, ನಾಗರ ಪಂಚಮಿ ಅಲ್ಲೇನ್ರಿ, ಎಲ್ಲಾವೂ ತಂತಮ್ಮ ಮನಿಗಿ ಹಬ್ಬಕ್ಕ ಹೋಗ್ಯಾವ ಎಂದಳು. ಮನೆಯೇ ಇಲ್ಲವೆಂದು ಕಾಗದದಲ್ಲಿ ಬರೆದ ಮಕ್ಕಳು ಯಾವ ಮನೆಗೆ ಹೋದವು ಎಂದು ಸಾಹೇಬರು ಬೆವರಿದರು. ಪರೀಕ್ಷೆ ಮಾಡಲೇಬೇಕೆಂದು ಜೀಪು ತಿರುಗಿಸಿದರು. ಮೋರಟಗಿಯಲ್ಲಿ ಶೇಂಗಾ ಉಂಡಿ ತಿನ್ನಿಸಿದರು, ದೇವರ ಹಿಪ್ಪರಗಿಯಲ್ಲಿ ಎಳ್ಳುಂಡಿ. ದಾವಲಮಲಿಕನ ಮನೆಯಲ್ಲಿ ಅಖ್ತರಬೇಗಂ ಪರಮಾನಂದನಿಗೆಂದು ಕಟ್ಟಿದ್ದ ಬುಂದಿ ಉಂಡಿಯಲ್ಲಿ ಅವರಿಗೂ ಎರಡು ಸಿಕ್ಕವು. ಎಲ್ಲ ಮನೆಯಲ್ಲೂ ಸಾಹೇಬರು ಈ ಮಗು ಯಾರದು ಎಂಬ ಒಂದೇ ಪ್ರಶ್ನೆ ಕೇಳಿದರು, ಎಲ್ಲ ಮನೆಯವರೂ ಇದೆಂಥಾ ಪ್ರಶ್ನೆ ಎಂದು ಅವರ ಮುಖವನ್ನೇ ನೋಡಿದರು.

ಸಂಜೆಗೆ ಕಡೆಯದಾಗಿ ಬಸಂತರಾಯನ ಮನೆಗೆ ಬಂದಾಗ ಅವರಿಗೆ ಜೀಪಿನಿಂದ ಇಳಿಯುವುದೂ ಕಷ್ಟವಾಗಿತ್ತು. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿತ್ತು. ಹೊಸ ಪರಕಾರ ತೊಟ್ಟ ರುಕ್ಮವ್ವ ಅದರ ಮೇಲೆ ಕೂತಿದ್ದಳು, ಬಸಂತರಾಯ ಹಿಂದೆ ನಿಂತು ತೂಗುತ್ತಿದ್ದ. ಸಾಹೇಬರು ಕಾಗದ ಹರವಿಕೊಂಡು, ರುಕ್ಮವ್ವ ಎಂಬ ಅನಾಥ ಹುಡುಗಿ ಇವಳೇ ಏನು ಎಂದು ಕೇಳಿದರು.

ಇಂದುಬಾಯಿ ಉಂಡಿಯ ತಾಟು ಅವರ ಮುಂದಿಟ್ಟಳು. "ನಮ್ಮ ಮಗಳು ಪಂಚಮಿಗಿ ಬಂದಾಳ್ರಿ ಸಾಹೇಬ್ರ. ಹಬ್ಬ ಮುಗದ ಮ್ಯಾಲ ನಾವ ಕಳಸ್ತೇವಿ. ನೀವು ಮೊದಲ ತಿನ್ರಿ."

ಸಾಹೇಬರು ಉಂಡಿಯನ್ನೂ ಕಾಗದವನ್ನೂ ನೋಡಿದರು. ಉತ್ತರಕ್ಕಾಗಿ ಬಸಂತರಾಯನ ಮುಖ ನೋಡಿದರು. ಬಸಂತರಾಯನಿಗೆ ಎಂದಿನಂತೆ ನಾಲಿಗೆ ಒಣಗಿತು, ಜೋಕಾಲಿಯ ಮೇಲಿದ್ದ ಅವನ ಕೈ ನಿಂತುಬಿಟ್ಟಿತು.

"ಯಾಕ ನಿಂತಿ?" ಎಂದಳು ರುಕ್ಮವ್ವ ತಿರುಗಿಯೂ ನೋಡದೆ. "ಇನ್ನಾ ಜೋರ ತೂಗಪ್ಪಾ."

ಸಾಹೇಬರು ಕಾಗದ ಮಡಿಚಿ ಚೀಲದೊಳಗಿಟ್ಟರು. ಬಸಂತರಾಯ ಜೋರಾಗಿ ತೂಗಿದ.